ಸಮುರಾಯ್ ಕತ್ತಿಯ ಮೇಲೆ ಜಿಂಕೆಗೇನು ಕೆಲಸ?

ಪ್ರಶ್ನೆ: ಮ್ಯೂಸಿಯಂ ಒಂದರಲ್ಲಿ ಹಳೆಯ ಜಪಾನಿ ಕತ್ತಿಯ ತ್ಸುಬಾ ನೋಡಿದೆ. ಕಪ್ಪು ತಟ್ಟೆಯ ಮೇಲೆ ಒಂದು ಜಿಂಕೆ, ಸುತ್ತ ತಾಮ್ರದ ಎಲೆಗಳು. ಹುಲಿಯೋ ಡ್ರ್ಯಾಗನ್ನೋ ಇದ್ದಿದ್ದರೆ ಸರಿ. ಹೆದರಿ ಓಡುವ ಜಿಂಕೆ ಯಾಕೆ? ಬೇಟೆಯ ಗುರುತಾ? ನಮ್ಮ ಮಾಯಾಮೃಗದಂಥ ಕಥೆ ಏನಾದರೂ ಇದೆಯಾ?
— ಓದುಗರು, ಮೈಸೂರು

ಉತ್ತರ: ಬೇಟೆಯೂ ಅಲ್ಲ, ಮಾಯಾಮೃಗವೂ ಅಲ್ಲ. ನೀವು ನೋಡಿದ್ದು ಶರತ್ಕಾಲದ ಜಿಂಕೆ. ಜಪಾನಿ ಕಲೆಯಲ್ಲಿ ಜಿಂಕೆಯೊಂದನ್ನೇ ನೋಡಿದರೆ ಅರ್ಥ ಸಿಗುವುದಿಲ್ಲ. ಅದರ ಪಕ್ಕದಲ್ಲಿ ಏನಿದೆ ಅಂತ ನೋಡಬೇಕು.

ತ್ಸುಬಾ ಅಂದರೆ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ತಟ್ಟೆ. ನಿಮ್ಮ ತ್ಸುಬಾದಲ್ಲಿ ಇದ್ದದ್ದು ಮೇಪಲ್ ಎಲೆ. ಎಲೆ ಕೆಂಪಾಗುವ ಹೊತ್ತಿಗೇ ಅಲ್ಲಿನ ಗಂಡು ಜಿಂಕೆ ಜೋಡಿಗಾಗಿ ಕೂಗುತ್ತದೆ. ಉದ್ದನೆಯ, ಎದೆ ಹಿಂಡುವ ಕೂಗು. ನೂರು ಕವಿಗಳಿಂದ ಒಂದೊಂದು ಕವಿತೆ ಆಯ್ದು ಮಾಡಿದ 13ನೇ ಶತಮಾನದ ಸಂಕಲನವೊಂದಿದೆ. ಅದರ ಐದನೇ ಕವಿತೆ ಹೇಳುವುದು ಇಷ್ಟೇ: ಕಾಡಿನೊಳಗೆ ಉದುರಿದ ಕೆಂಪೆಲೆ ತುಳಿಯುತ್ತಾ ಜಿಂಕೆ ಕೂಗುವುದು ಕೇಳಿದಾಗ ಶರತ್ಕಾಲದ ದುಃಖ ತಿಳಿಯುತ್ತದೆ. ಎಲೆ ತುಳಿಯುತ್ತಿರುವುದು ಜಿಂಕೆಯೋ, ಕೇಳುತ್ತಿರುವ ಮನುಷ್ಯನೋ ಅಂತ ಇವತ್ತಿಗೂ ಚರ್ಚೆ ಇದೆ. ನನಗೆ ಆ ಕವಿತೆ ಇಷ್ಟವಾಗುವುದೇ ಅದಕ್ಕೆ. ಈ ಜೋಡಿ ಜಪಾನಿನಲ್ಲಿ ಎಷ್ಟು ಬೇರೂರಿದೆ ಅಂದರೆ, ಹನಾಫುದಾ ಎಂಬ ಇಸ್ಪೀಟಿನಲ್ಲಿ ಅಕ್ಟೋಬರ್ ತಿಂಗಳ ಒಂದು ಕಾರ್ಡಿನ ಚಿತ್ರ ಜಿಂಕೆ ಮತ್ತು ಮೇಪಲ್. ಜಿಂಕೆ ಮಾಂಸಕ್ಕೂ ಮೇಪಲ್‌ನ ಹೆಸರೇ, ಮೊಮಿಜಿ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಬಂಡೀಪುರದ ಜಿಂಕೆಗೆ ವರ್ಷವಿಡೀ ಚುಕ್ಕೆ ಇರುತ್ತದೆ. ಜಪಾನಿನ ಸಿಕಾ ಜಿಂಕೆಗೆ ಹಾಗಲ್ಲ. ಚಳಿ ಹತ್ತಿರ ಬಂದಂತೆ ಹೊಸ ಕೂದಲು ಬಂದು ಚುಕ್ಕೆ ಮಾಸುತ್ತದೆ. ಆದರೂ ಕೆಂಪೆಲೆಯ ನಡುವೆ ನಿಂತ ಜಿಂಕೆಗೆ ಕಲಾವಿದರು ಚುಕ್ಕೆ ಬಿಡಿಸುತ್ತಾರೆ. ಅವರಿಗೆ ಬೇಕಿದ್ದದ್ದು ಕವಿತೆಯ ಜಿಂಕೆ.

ಹಿಡಿಯ ಮೇಲೂ ಜಿಂಕೆ ಬರುತ್ತದೆ. ಸುತ್ತಿದ ದಾರದ ಕೆಳಗೆ, ಆಚೆಗೊಂದು ಈಚೆಗೊಂದು, ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದದ ಲೋಹದ ಬೊಂಬೆಗಳು. ಅವು ಮೆನುಕಿ. ಒಂದು ಕಡೆ ಗಂಡು, ಇನ್ನೊಂದು ಕಡೆ ಹೆಣ್ಣು. ಹಿಡಿ ಹಿಡಿದವನ ಅಂಗೈ ಒಂದನ್ನು ಮುಚ್ಚುತ್ತದೆ. ಎರಡನ್ನೂ ಒಟ್ಟಿಗೆ ನೋಡಲು ಆಗುವುದೇ ಇಲ್ಲ. ಕೂಗುವ ಜಿಂಕೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಈಗ ‘ಹೆದರಿ ಓಡುವ ಜಿಂಕೆ’ ಎಂಬ ಮಾತಿಗೆ ಬರೋಣ. ಶರತ್ಕಾಲದ ಗಂಡು ಜಿಂಕೆ ಸಾಧು ಅಲ್ಲ. ಜನರಿಗೆ ಹಾಯಬಾರದು ಅಂತ ನಾರಾ ಊರಿನಲ್ಲಿ 17ನೇ ಶತಮಾನದಿಂದಲೂ ಅವುಗಳ ಕೊಂಬು ಕತ್ತರಿಸುತ್ತಾ ಬಂದಿದ್ದಾರೆ. ಮುಂದೆ ಜಪಾನ್ ಆಳಿದ ತೊಕುಗಾವಾ ಇಎಯಾಸುವಿನ ಸೇನಾನಿ ಹೊಂಡಾ ತದಕಾತ್ಸು ಯುದ್ಧಕ್ಕೆ ಹೋಗುತ್ತಿದ್ದದ್ದೇ ಜಿಂಕೆ ಕೊಂಬಿನ ಶಿರಸ್ತ್ರಾಣ ಹಾಕಿಕೊಂಡು. ಆ ಕೊಂಬು ನಿಜವಾದದ್ದಲ್ಲ, ಕಾಗದ ಪದರ ಪದರ ಅಂಟಿಸಿ ಅರಗು ಬಳಿದದ್ದು.

ನಾರಾದ ಕಾಸುಗಾ ತೈಶಾ ದೇವಸ್ಥಾನದ ಐತಿಹ್ಯದಲ್ಲೂ ಜಿಂಕೆ ಕತ್ತಿಗೆ ತೀರಾ ಹತ್ತಿರ. ದೇವಸ್ಥಾನ ಕಟ್ಟಿದ್ದು 768ರಲ್ಲಿ ಅನ್ನುತ್ತಾರೆ. ಅಲ್ಲಿನ ದೇವರು ತಾಕೆಮಿಕಾಜುಚಿ ದೂರದ ಕಾಶಿಮಾದಿಂದ ಬಿಳಿ ಜಿಂಕೆ ಏರಿ ಬಂದನಂತೆ. ಈ ದೇವರು ಹುಟ್ಟಿದ್ದೇ ಕತ್ತಿಯಿಂದ ಸಿಡಿದ ರಕ್ತದಲ್ಲಿ! ಕತ್ತಿವರಸೆಯವರಿಗೆ ಕಾಶಿಮಾ ಇಂದಿಗೂ ಪೂಜ್ಯ. ಹಾಗಾಗಿ ಜಿಂಕೆಯ ಬೆನ್ನ ಮೇಲೆ ತಡಿ, ಅದರ ಮೇಲೆ ಸಕಾಕಿ ಗಿಡದ ಕೊಂಬೆ, ಕನ್ನಡಿ ಕಂಡರೆ ಅದು ದೇವರ ವಾಹನ, ನಮ್ಮ ನಂದಿ, ಗರುಡ ಇದ್ದ ಹಾಗೆ. ಇದೇ ದೇವರನ್ನು ಬೌದ್ಧರು ಅಮೋಘಪಾಶ ಅವಲೋಕಿತೇಶ್ವರ ಎಂದೂ ಪೂಜಿಸಿದರು. ಆ ರೂಪದ ಹೆಗಲ ಮೇಲೆ ಜಿಂಕೆಯ ಚರ್ಮ. ಭಾರತದಿಂದ ಹೋದ ದೇವತೆ ಅದು. ನಮ್ಮ ಕೃಷ್ಣಾಜಿನ ನೆನಪಾಗುತ್ತದೆ, ಅಲ್ವಾ?

ಜಿಂಕೆ ಜೊತೆ ಗಡ್ಡದ ಮುದುಕ ಇದ್ದರೆ ಅವನು ಜುರೋಜಿನ್. ದೀರ್ಘಾಯುಸ್ಸಿನ ದೇವರು, ಚೀನಾದಿಂದ ಬಂದವನು.

ಪ್ರಶ್ನೆ: ಅಣ್ಣ ಜಪಾನಿನಿಂದ ಹಳೆಯ ತ್ಸುಬಾ ತಂದುಕೊಟ್ಟಿದ್ದಾನೆ. ಪೂರ್ತಿ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದಾ?
— ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ! ಆ ಕಪ್ಪು ಕೊಳೆಯಲ್ಲ, ಅದೇ ಕೆಲಸಗಾರಿಕೆ. ಶಕುದೋ ಎಂಬ ಲೋಹವಾದರೆ ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿ, ಆಮೇಲೆ ದ್ರಾವಣದಲ್ಲಿ ಕುದಿಸಿ ಆ ನೀಲಿಗಪ್ಪು ಬಣ್ಣ ತರಿಸಿರುತ್ತಾರೆ. ಹುಳಿ ತಾಗಿದರೆ ಅದು ಎದ್ದುಹೋಗುತ್ತದೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬರಿಗೈಯಲ್ಲಿ ಜಾಸ್ತಿ ಮುಟ್ಟಬೇಡಿ, ಬೆವರಿನ ಉಪ್ಪು ಒಳ್ಳೆಯದಲ್ಲ.

ಕಬ್ಬಿಣದ್ದಾಗಿದ್ದು ಅಲ್ಲಲ್ಲಿ ಕೆಂಪು ತುಕ್ಕು ಎದ್ದಿದ್ದರೆ ಅದಷ್ಟನ್ನೇ ಮೆಲ್ಲಗೆ ಕೆರೆಯಬೇಕು. ಸಂಗ್ರಾಹಕರು ಇದಕ್ಕೆ ಹಿಂದಿನಿಂದಲೂ ಜಿಂಕೆ ಕೊಂಬಿನ ಚೂರು ಬಳಸುತ್ತಾರೆ, ಅದು ಕಬ್ಬಿಣವನ್ನು ಗೀರುವುದಿಲ್ಲ. ಆದರೆ ನಮ್ಮಲ್ಲಿ ಅನುಮತಿ ಇಲ್ಲದೆ ಜಿಂಕೆ ಕೊಂಬು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಮ್ಮೆಯ ಮೂಳೆಯ ಚೂರೊಂದನ್ನು ಚೂಪು ಮಾಡಿಕೊಳ್ಳಿ, ಅದೇ ಕೆಲಸ ಆಗುತ್ತದೆ.