ನಾರ್ವೇಜಿಯನ್‌ನ ಉದ್ದುದ್ದ ಪದಗಳನ್ನು ಎಲ್ಲಿ ಒಡೆದು ಓದಬೇಕು?

ನಿಮ್ಮ ಪ್ರಶ್ನೆ ಇದು: ಓಸ್ಲೋಗೆ ಹೊರಟಿದ್ದೀರಿ, ಆ್ಯಪ್‌ನಲ್ಲಿ ಭಾಷೆ ಕಲಿಯುತ್ತಿದ್ದೀರಿ. ಎರಡು ಮೂರು ಪದ ಅಂಟಿಸಿದ ಉದ್ದನೆಯ ಪದ ಬಂದರೆ ಎಲ್ಲಿ ಒಡೆಯಬೇಕು, ಯಾವ ಭಾಗಕ್ಕೆ ಒತ್ತು ಕೊಡಬೇಕು ಅಂತ ತಿಳಿಯುತ್ತಿಲ್ಲ. ಇದಕ್ಕೇನಾದರೂ ನಿಯಮ ಇದೆಯಾ?

ಇದೆ. ಆದರೆ ಉಚ್ಚಾರದ ನಿಯಮ ಬಾಯಿಪಾಠ ಮಾಡುವ ಮೊದಲು ಬೆಸುಗೆ, ಅಂದರೆ ಪದಗಳು ಅಂಟಿಕೊಂಡ ಜಾಗ, ಎಲ್ಲಿದೆ ಅಂತ ಹುಡುಕಿ. ಬೆಸುಗೆ ಸಿಕ್ಕರೆ ಉಚ್ಚಾರದ ಮುಕ್ಕಾಲು ಪಾಲು ತಾನಾಗಿ ಸರಿಹೋಗುತ್ತದೆ. ನಾನು ಓಸ್ಲೋದಲ್ಲೇ ಇರುವುದರಿಂದ ಇಲ್ಲಿ ಹೇಳುವುದೆಲ್ಲ ಈ ಕಡೆಯ ಮಾತಿನ ರೀತಿ.

'ವೀನ್‌ಗ್ಲಸ್' ತೆಗೆದುಕೊಳ್ಳಿ. ವೀನ್ ಅಂದರೆ ವೈನ್, ಗ್ಲಸ್ ಅಂದರೆ ಗ್ಲಾಸು. ಬರೆಯುವಾಗ ನಡುವೆ ಜಾಗ ಬಿಡುವುದಿಲ್ಲ, ಹಾಗಾಗಿ ಎನ್ ಮತ್ತು ಜಿ ಅಕ್ಕಪಕ್ಕ ಬಂದು ಕೂರುತ್ತವೆ. ಈ ಭಾಷೆಯಲ್ಲಿ ಅವೆರಡೂ ಜೊತೆಗೆ ಬಂದರೆ ಸಾಮಾನ್ಯವಾಗಿ ಒಂದೇ ಸದ್ದು, ಮೂಗಿನ ಙ. ಅದನ್ನು ನೋಡಿ 'ವಿಙ್-ಲಸ್' ಅಂತ ಓದಿದರೆ ಎದುರಿನವರಿಗೆ ಏನೂ ಅರ್ಥ ಆಗುವುದಿಲ್ಲ. ಬೆಸುಗೆ ಇರುವುದು ಎನ್ ಆದ ಮೇಲೆ.

ಇದರ ಹಿಂದೆ ಇನ್ನೊಂದು ಲೆಕ್ಕ ಇದೆ. ಒತ್ತು ಬೀಳುವ ಕಡೆ ಸ್ವರ ಆದ ಮೇಲೆ ಒಂದೇ ವ್ಯಂಜನ ಇದ್ದರೆ ಸಾಮಾನ್ಯವಾಗಿ ಸ್ವರ ದೀರ್ಘ. ಎರಡಿದ್ದರೆ ಸ್ವರ ಗಿಡ್ಡ, ವ್ಯಂಜನವೇ ಉದ್ದ. 'ತಾಕ್' ಅಂದರೆ ಮನೆಯ ಮಾಡು, 'ತಕ್ಕ್' ಅಂದರೆ ಥ್ಯಾಂಕ್ಸ್. ನಮಗೆ ಇದು ಕಷ್ಟವೇ ಅಲ್ಲ, ಹ್ರಸ್ವ ದೀರ್ಘ ಒತ್ತಕ್ಷರ ಎಲ್ಲ ಒಂದನೇ ಕ್ಲಾಸಿನಿಂದ ಅಭ್ಯಾಸ ಆಗಿದೆ. ಆದರೆ ಜೋಡುಪದದಲ್ಲಿ ಈ ಲೆಕ್ಕವನ್ನು ಪ್ರತಿ ತುಂಡಿಗೂ ಬೇರೆ ಬೇರೆಯಾಗಿ ಹಾಕಬೇಕು. ಬೆಸುಗೆ ದಾಟಿ ಎಣಿಸಿದರೆ ಕೆಟ್ಟಿತು. 'ಬೂಕ್‌ಸಮ್ಲಿಂಗ್' ಅಂದರೆ ಪುಸ್ತಕಗಳ ಸಂಗ್ರಹ. ಬೆಸುಗೆಯನ್ನು ಒಂದೇ ಅಕ್ಷರ ಆಚೆ ಸರಿಸಿದರೆ ಮೊದಲಲ್ಲಿ 'ಬೊಕ್ಸ್' ಬರುತ್ತದೆ, ಅಂದರೆ ಡಬ್ಬಿ. ಆಗ ದೀರ್ಘ 'ಬೂ' ಹೋಗಿ ಗಿಡ್ಡ 'ಬೊ' ಆಗುತ್ತದೆ.

ನನಗೆ ಇಷ್ಟದ ಉದಾಹರಣೆ ಅಂದರೆ 'ಸ್ತಾತ್ಸ್‌ಹ್ಯಿರ್ಕೆ', ಸರ್ಕಾರಿ ಚರ್ಚು. ಬರಹದಲ್ಲಿ ನಡುವೆ ಎಸ್, ಕೆ, ಐ ಸಾಲಾಗಿ ಕಾಣುತ್ತವೆ. ಪದದ ಮೊದಲಲ್ಲಿ ಈ ಮೂರು ಬಂದರೆ 'ಶಿ' ಅನ್ನಬೇಕು. ಹಿಮದ ಮೇಲೆ ಜಾರುವ ಸ್ಕೀಯನ್ನು ಇಲ್ಲಿ 'ಶೀ' ಅನ್ನುವುದು ಇದಕ್ಕೇ. ಆದರೆ ಇಲ್ಲಿ ಎಸ್ ಸೇರಿರುವುದು ಮೊದಲ ತುಂಡಿಗೆ, ಕೆ ಎರಡನೆಯದಕ್ಕೆ. ಹಾಗಾಗಿ ಎಸ್ ಎಸ್ ಆಗಿಯೇ ಉಳಿಯುತ್ತದೆ, 'ಹ್ಯಿರ್ಕೆ' ತನ್ನ ಹ್ಯ ಥರದ ಸದ್ದನ್ನು ಬಿಡುವುದಿಲ್ಲ. (ಈಗಿನ ಹುಡುಗರು ಹ್ಯ ಬದಲು ಶ ಅನ್ನುವುದು ಜಾಸ್ತಿ. ಹಿರಿಯರಿಗೆ ಅದನ್ನು ಕೇಳಿದರೆ ಆಗುವುದಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಡಿ.)

ಬೆಸುಗೆ ಹುಡುಕುವುದು ಹೇಗೆ? ಒಂದು ಗುರುತು, ನಡುವೆ ಅಂಟಿನಂತೆ ಬರುವ ಎಸ್. 'ವೀನ್‌ಗ್ಲಸ್'ನಲ್ಲಿ ಅದಿಲ್ಲ. ಕೆಂಪು ವೈನಿನ ಗ್ಲಾಸಿಗೆ 'ರೋವೀನ್ಸ್‌ಗ್ಲಸ್', ಇಲ್ಲಿ ಇದೆ. ಮೊದಲ ಭಾಗವೇ ಜೋಡುಪದ ಆಗಿದ್ದರೆ ಈ ಎಸ್ ಬರುವುದು ಹೆಚ್ಚು. ದೊಡ್ಡ ಬೆಸುಗೆ ಇಲ್ಲಿದೆ, ಇದರ ಎಡಕ್ಕಿರುವುದೆಲ್ಲ ಒಂದು ಗುಂಪು ಅಂತ ಅದು ಹೇಳುತ್ತದೆ. ಅಂದರೆ ಕೆಂಪಗಿರುವುದು ವೈನು, ಗ್ಲಾಸಲ್ಲ. (ಆ 'ರೋ' ನಮ್ಮ ರೋ ಅಲ್ಲ. ತುಟಿ ಓಕಾರಕ್ಕೆ ದುಂಡಗೆ ಮಾಡಿ ಏ ಅನ್ನಿ. ಬರಹದಲ್ಲಿ ಕೊನೆಗೊಂದು ಡಿ ಇದೆ, ಅದನ್ನು ಹೇಳುವುದಿಲ್ಲ.)

ಇದೇ ಕಣ್ಣಿನಿಂದ ಇಲ್ಲಿನ ನಿಘಂಟಿನ ಹೆಸರು ನೋಡಿ: 'ಬೂಕ್‌ಮೋಲ್ಸ್‌ಊರ್‌ಬೂಕಾ'. ಎಸ್ ಇರುವ ಕಡೆ ಎರಡು ಮಾಡಿ. ಎಡಕ್ಕೆ ಬೂಕ್-ಮೋಲ್, ಅಂದರೆ ಪುಸ್ತಕ ಮತ್ತು ಭಾಷೆ. ನಾರ್ವೇಜಿಯನ್‌ನ ಎರಡು ಬರಹ ರೂಪಗಳಲ್ಲಿ ಒಂದರ ಹೆಸರು ಅದು, ಇನ್ನೊಂದು ನೀನೊಷ್ಕ್. ಬಲಕ್ಕೆ ಊರ್-ಬೂಕ್, ಪದ ಮತ್ತು ಪುಸ್ತಕ. ಕೊನೆಯ 'ಆ' ಇಂಗ್ಲಿಷಿನ 'ದಿ' ಇದ್ದ ಹಾಗೆ. ವಸ್ತು ಏನು ಅಂತ ಹೇಳುವುದು ಯಾವಾಗಲೂ ಬಲತುದಿಯ ತುಂಡು, ಲಿಂಗ ಬಹುವಚನ ಎಲ್ಲ ಅದರದ್ದೇ. ಆದ್ದರಿಂದ ಅರ್ಥಕ್ಕೆ ಬಲದಿಂದ ಎಡಕ್ಕೆ ಬನ್ನಿ, ನಮ್ಮ 'ಅಡುಗೆಮನೆ'ಯೂ ಮನೆಯೇ ಅಲ್ವಾ, ಹಾಗೆ.

ಒತ್ತು ಮಾತ್ರ ಎಡಕ್ಕೆ. ಮೊದಲ ತುಂಡಿಗೆ ಪೂರ್ತಿ ಭಾರ. ಮುಂದಿನ ತುಂಡಿಗೆ ಕಡಿಮೆ, ಆದರೆ ಅದರ ದೀರ್ಘವನ್ನು ನುಂಗಬಾರದು. ಮೊದಲ ತುಂಡು ಅಂದರೆ ಮೊದಲ ಅಕ್ಷರ ಅಂತಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಪೊಲೀಸ್ ಠಾಣೆಗೆ 'ಪುಲಿತೀಸ್ತಶೂನ್', ಭಾರ 'ತೀ' ಮೇಲೆ. 'ಪುಲಿತೀ' ಒಂಟಿಯಾಗಿದ್ದಾಗಲೂ ಭಾರ ಅಲ್ಲೇ ಇತ್ತು, ಜೋಡಿಯಾದ ಮೇಲೂ ಕದಲುವುದಿಲ್ಲ.

ನಮ್ಮವರು ಎಡವುವುದು ಇಲ್ಲೇ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಭಾರ ಕೊಟ್ಟು ಮಾತಾಡುತ್ತೇವೆ. ಇಲ್ಲಿ ಎರಡೂ ತುಂಡಿಗೆ ಸಮಭಾರ ಕೊಟ್ಟರೆ ಅದು ಎರಡು ಬೇರೆ ಪದ ಅಂತ ಕೇಳಿಸುತ್ತದೆ. ಈ ದೇಶದ ಹಳೇ ಜೋಕೇ ಇದೆ: 'ಲಮ್ಮೆಲೋರ್' ಒಂದೇ ಪದವಾದರೆ ಕುರಿಮರಿಯ ತೊಡೆ ಮಾಂಸ. 'ಲಮ್ಮೆ ಲೋರ್' ಅಂತ ಬಿಡಿಸಿದರೆ ಲಕ್ವ ಹೊಡೆದ ತೊಡೆಗಳು. ಅಂಗಡಿಯ ಬೋರ್ಡಿನಲ್ಲಿ ಹೀಗೆ ಜಾಗ ಬಿಟ್ಟು ಬರೆದಿದ್ದರೆ ಜನ ಫೋಟೋ ತೆಗೆದು ನಗುತ್ತಾರೆ.

ಒತ್ತಿನ ಜೊತೆ ರಾಗವೂ ಇದೆ. ಎರಡು ಬಗೆಯ ಏರಿಳಿತಗಳಲ್ಲಿ ಒಂದು ಇಡೀ ಪದಕ್ಕೆ ಹರಡಿಕೊಳ್ಳುತ್ತದೆ. ಅದನ್ನು ಕೇಳಿಯೇ ಕಲಿಯಬೇಕು, ಬರೆದು ತಿಳಿಸುವುದು ಕಷ್ಟ. ರಾಗ ತಪ್ಪಿದರೂ ಮಾತಿನ ಸಂದರ್ಭದಿಂದ ಜನ ತಿಳಿದುಕೊಳ್ಳುತ್ತಾರೆ.

ಇನ್ನೊಂದು ಅಭ್ಯಾಸ ಬಿಡಬೇಕು. ಎರಡು ಸ್ವರ ಎದುರಾದರೆ ನಮ್ಮ ನಾಲಿಗೆ ಸುಮ್ನೆ ಇರುವುದಿಲ್ಲ, ಮನೆ ಮತ್ತು ಅಲ್ಲಿ ಸೇರಿ 'ಮನೆಯಲ್ಲಿ' ಆಗುವ ಹಾಗೆ ಯಕಾರ ತಂದು ಹಾಕುತ್ತದೆ. ಶಾಲಾ ವರ್ಷಕ್ಕೆ ಇಲ್ಲಿ 'ಸ್ಕೂಲೆಓರ್'. 'ಸ್ಕೂಲೆಯೋರ್' ಅನ್ನಬೇಡಿ. ಆಗಮ ಸಂಧಿಗೆ ಇಲ್ಲಿ ಕೆಲಸ ಇಲ್ಲ.

ಸಾಲಿನ ಕೊನೆಯಲ್ಲಿ ಒಡೆಯುವುದನ್ನೂ ಹೇಳಿಬಿಡುತ್ತೇನೆ. ಬಿಡಿ ಪದವಾದರೆ ಒಂದು ವ್ಯಂಜನ ಕೆಳಗಿನ ಸಾಲಿಗೆ ಹೋಗುತ್ತದೆ. ಜೋಡುಪದವಾದರೆ ಬೆಸುಗೆಯಲ್ಲೇ ಒಡೆಯುವುದು ಒಳ್ಳೆಯದು. ಮಜಾ ಇರುವುದು 'ನತ್ತೋಗ್' ಥರದ ಪದಗಳಲ್ಲಿ. 'ನತ್ತ್' ರಾತ್ರಿ, ಕೊನೆಗೆ ಎರಡು ಟಿ. 'ತೋಗ್' ರೈಲು, ಮೊದಲಿಗೆ ಒಂದು ಟಿ. ಸೇರಿಸಿದರೆ ಮೂರಾಗಬೇಕಿತ್ತು, ಆದರೆ ಒಂದೇ ವ್ಯಂಜನ ಸಾಲಾಗಿ ಮೂರು ಸಲ ಬರೆಯುವಂತಿಲ್ಲ, ಎರಡೇ. ಸಾಲಿನ ಕೊನೆಯಲ್ಲಿ ಒಡೆದಾಗ ಮಾತ್ರ ಕಾಣೆಯಾದ ಟಿ ವಾಪಸ್ ಬರುತ್ತದೆ, ಎರಡು ಮೇಲಿನ ಸಾಲಲ್ಲಿ, ಒಂದು ಕೆಳಗೆ.

ಕೊನೆಯದಾಗಿ, ನಮಗೆ ಬಿಟ್ಟಿ ಸಿಕ್ಕಿರುವ ಅನುಕೂಲ. ಓಸ್ಲೋ ಕಡೆ ಆರ್ ಆದ ಮೇಲೆ ಟಿ, ಎನ್, ಎಸ್ ಬಂದರೆ ಎರಡೂ ಸೇರಿ ನಮ್ಮ ಟ, ಣ, ಷ ಆಗುತ್ತವೆ. ಬರೀ ಟಿ ಇದ್ದರೆ ಅದು ತ. ಹಾಗಾಗಿ 'ಕತ್ತ್' ಬೆಕ್ಕು, 'ಕಟ್ಟ್' ನಕ್ಷೆ. ಇಂಗ್ಲಿಷಿನ ರೂಢಿಯಲ್ಲಿ ಎಲ್ಲ ಟಿಗೂ ಟ ಅಂದರೆ ಬೆಕ್ಕು ಹೋಗಿ ನಕ್ಷೆ ಬರುತ್ತದೆ. ಆರ್ ಮತ್ತು ಎಸ್ ಬೆಸುಗೆಯ ಆಚೀಚೆ ಇದ್ದರೂ ಸೇರಿಕೊಳ್ಳುತ್ತವೆ. ಮೆಟ್ರೋದ ಒಂದನೇ ಲೈನಿನ ಕೊನೆಯ ಸ್ಟೇಷನ್ ಫ್ರೊಙ್ನರ್ ಮತ್ತು ಸೇತೆರೆನ್ ಸೇರಿದ್ದು. ಹೇಳುವಾಗ 'ಫ್ರೊಙ್ನೆಷೇತೆರೆನ್'. ಅದೇ ಲೈನಿನ ಮಾಯೋರ್‌ಸ್ತೂಎನ್ ಕೂಡ 'ಮಯೂಷ್ಟೂಎನ್' ಆಗುತ್ತದೆ, ಭಾರ 'ಯೂ' ಮೇಲೆ.

ಕೆಲಸ ಬದಲಾಗಿ ಬೆರ್ಗೆನ್‌ಗೋ ಸ್ತವಾಂಗರ್‌ಗೋ ಹೋದರೆ ಈ ಟ, ಣ, ಷ ಪಾಠ ಬಿಟ್ಟುಬಿಡಿ. ಅಲ್ಲಿ ಆರ್ ಗಂಟಲಿನಿಂದ ಬರುತ್ತದೆ, ಮುಂದಿನ ವ್ಯಂಜನದ ತಂಟೆಗೆ ಹೋಗುವುದಿಲ್ಲ. ಬೆಸುಗೆ, ಒತ್ತು ಮಾತ್ರ ಅಲ್ಲೂ ಹೀಗೇ.