ಕಾರಿಲ್ಲದೆ ಮುಂಬೈಯಿಂದ ಮುರುಡ್ ಜಂಜೀರಾ ಕೋಟೆ ನೋಡಿ ಬರಬಹುದಾ? ಒಂದೇ ದಿನದಲ್ಲಿ ಆಗುತ್ತಾ?

ಕಾರಿಲ್ಲದೆ ಧಾರಾಳವಾಗಿ ಹೋಗಬಹುದು. ನಾನು ಹೋಗಿದ್ದೇ ಹಾಗೆ: ಲಾಂಚು, ಸರ್ಕಾರಿ ಬಸ್ಸು, ಆಟೋ, ಕೊನೆಗೆ ಹಾಯಿದೋಣಿ. ಆದರೆ ಬೆಳಗ್ಗೆ ಹೊರಟು ರಾತ್ರಿಗೆ ಮುಂಬೈ ಸೇರುವ ಆಸೆ ಮಾತ್ರ ಬಿಟ್ಟುಬಿಡಿ. ಹೇಗೋ ಮಾಡಬಹುದು, ಆದ್ರೆ ಇಡೀ ದಿನ ಗಡಿಯಾರ ನೋಡ್ತಾನೇ ಇರಬೇಕು. ಮುರುಡ್‌ನಲ್ಲಿ ಒಂದು ರಾತ್ರಿ ಉಳಿಯಿರಿ.

ಗೇಟ್‌ವೇ ಆಫ್ ಇಂಡಿಯಾ ಹತ್ತಿರದ ಜೆಟ್ಟಿಯಿಂದ ಮಾಂಡ್ವಾಕ್ಕೆ ಲಾಂಚ್ ಇದೆ, ಸುಮಾರು ಒಂದು ಗಂಟೆ. ಅಲ್ಲಿಂದ ಅಲಿಬಾಗ್‌ಗೆ ಬಸ್ಸು. ಎಷ್ಟೋ ಲಾಂಚ್‌ಗಳ ಟಿಕೆಟ್‌ನಲ್ಲೇ ಈ ಬಸ್ಸಿನ ದುಡ್ಡೂ ಸೇರಿರುತ್ತದೆ, ಅದಕ್ಕೇ ಇಳಿದ ತಕ್ಷಣ ಟಿಕೆಟ್ ಬಿಸಾಡಬೇಡಿ. ಅಲಿಬಾಗ್ ಎಸ್‌ಟಿ (ಮಹಾರಾಷ್ಟ್ರದ ಸರ್ಕಾರಿ ಬಸ್ಸು) ಸ್ಟ್ಯಾಂಡ್‌ನಲ್ಲಿ ಮುರುಡ್ ಬಸ್ ಹಿಡಿಯಬೇಕು. ಬೋರ್ಡೆಲ್ಲ ಮರಾಠಿಯಲ್ಲಿ ಇರುತ್ತದೆ, ಓದಲು ಬರದಿದ್ದರೆ ಕಂಡಕ್ಟರ್‌ನ ಕೇಳಿ ಹತ್ತಿ. ದೂರ ಸುಮಾರು 50 ಕಿಲೋಮೀಟರ್, ಆದರೆ ರಸ್ತೆ ಸಣ್ಣದು, ಊರೂರಿಗೂ ನಿಲ್ಲಿಸುತ್ತಾರೆ, ಹಾಗಾಗಿ ಎರಡು ಗಂಟೆ ಅಂತಲೇ ಇಟ್ಟುಕೊಳ್ಳಿ. ಬಲಗಡೆ ಕಿಟಕಿ ಹಿಡಿದು ಕೂತರೆ ರೇವ್‌ದಂಡಾ ದಾಟಿದ ಮೇಲೆ ಸಮುದ್ರ ಆಗಾಗ ಕಾಣುತ್ತದೆ, ಕಾಶಿದ್ ಬೀಚ್ ಅಂತೂ ರಸ್ತೆಗೇ ಅಂಟಿಕೊಂಡಿದೆ. ಇನ್ನೊಂದು ವಿಷಯ, ರತ್ನಾಗಿರಿ ಜಿಲ್ಲೆಯ ದಾಪೋಲಿ ಹತ್ತಿರವೂ ಒಂದು ಮುರುಡ್ ಇದೆ. ರೂಮ್ ಬುಕ್ ಮಾಡುವಾಗ ರಾಯಗಡ ಜಿಲ್ಲೆಯದ್ದಾ ಅಂತ ನೋಡಿಕೊಳ್ಳಿ.

ಕೋಟೆ ಇರುವುದು ಸಮುದ್ರದ ಮಧ್ಯೆ. ಅಲ್ಲಿಗೆ ದೋಣಿ ಸಿಗುವುದು ಮುರುಡ್‌ನಲ್ಲಲ್ಲ, ಅಲ್ಲಿಂದ ಐದಾರು ಕಿಲೋಮೀಟರ್ ಆಚೆಯ ರಾಜಪುರಿಯಲ್ಲಿ. ಆಟೋದವರಿಗೆ 'ಕಿಲ್ಲಾ' ಅಂದರೆ ಸಾಕು. ಬೆಳಗ್ಗೆ ಬೇಗ ಹೋಗಿ, ಜನ ಕಡಿಮೆ, ಬಿಸಿಲೂ ಕಡಿಮೆ. ದೋಣಿಯವರು ಮುಕ್ಕಾಲು ಗಂಟೆ ಕೊಟ್ಟು ವಾಪಸ್ ಬನ್ನಿ ಅನ್ನುತ್ತಾರೆ. ನನಗೆ ಬೇಜಾರಾಗಿದ್ದು ಇದೊಂದೇ. ಅಷ್ಟು ದೂರ ಬಂದು ಮುಕ್ಕಾಲು ಗಂಟೆ ಎಲ್ಲಿಗೆ ಸಾಲುತ್ತೆ? ಹತ್ತುವ ಮೊದಲೇ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀರಾ ಅಂತ ಮಾತಾಡಿಕೊಳ್ಳಿ.

ದೋಣಿ ಹತ್ತಿರ ಹೋಗುವವರೆಗೂ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಬರೀ ಗೋಡೆ, ಬುರುಜು, ಮತ್ತೆ ಗೋಡೆ. ತೀರಾ ಪಕ್ಕಕ್ಕೆ ಬಂದಾಗ ಎರಡು ಬುರುಜಿನ ಸಂದಿಯಲ್ಲಿ ಬಾಗಿಲು ಕಾಣುತ್ತದೆ. ಅಲ್ಲಿ ಗೋಡೆ ಮೇಲೆ ಆನೆಗಳನ್ನು ಉಗುರಲ್ಲಿ ಹಿಡಿದ ಹುಲಿಯಂಥ ಪ್ರಾಣಿಯ ಕೆತ್ತನೆ ಇದೆ, ಎಲ್ಲರೂ ಮೆಟ್ಟಿಲು ನೋಡಿಕೊಂಡು ಹೋಗುವ ಗಡಿಬಿಡಿಯಲ್ಲಿ ಅದನ್ನು ನೋಡುವುದೇ ಇಲ್ಲ. ಒಳಗೆ ಕಲಾಲ್ ಬಾಂಗಡಿ ಅನ್ನುವ ಭಾರೀ ಫಿರಂಗಿ ಇದೆ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಕೆರೆ. ಈ ನೀರಿಲ್ಲದಿದ್ದರೆ ಅಷ್ಟು ವರ್ಷ ಮುತ್ತಿಗೆ ತಡೆದುಕೊಳ್ಳಲು ಆಗುತ್ತಲೇ ಇರಲಿಲ್ಲ.

ಆಳಿದವರು ಸಿದ್ದಿಗಳು. ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಿದ್ದಾರಲ್ಲ, ಅವರ ಹಾಗೆ ಇವರ ಮೂಲವೂ ಆಫ್ರಿಕಾ. ಜಂಜೀರಾದವರು ಹಡಗುಪಡೆ ಕಟ್ಟಿ ನವಾಬರೇ ಆದರು. ಶಿವಾಜಿಗೂ ಈ ಕೋಟೆ ಸಿಗಲಿಲ್ಲ, ಸಂಭಾಜಿ 1682ರಲ್ಲಿ ಸಮುದ್ರಕ್ಕೆ ಕಲ್ಲು ತುಂಬಿಸಿ ದಾರಿ ಮಾಡಲು ನೋಡಿದರೂ ಆಗಲಿಲ್ಲ. 1948ರಲ್ಲಿ ಜಂಜೀರಾ ಸಂಸ್ಥಾನ ಭಾರತಕ್ಕೆ ಸೇರಿತು. ಮರಾಠರು ಇದಕ್ಕೆ ಎದುರಾಗಿ ಕಟ್ಟಿದ ಪದ್ಮದುರ್ಗ ಅನ್ನುವ ಕೋಟೆ, ಜಂಜೀರಾದ ಬುರುಜಿನ ಮೇಲಿಂದ ದೂರದಲ್ಲಿ ಕಾಣುತ್ತದೆ.

ಮಳೆಗಾಲದಲ್ಲಿ ಹೋಗಬೇಡಿ, ದೋಣಿಯೂ ಇಲ್ಲ, ಮಾಂಡ್ವಾ ಲಾಂಚೂ ನಿಲ್ಲುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಂಗಳೂರು, ಕಾರವಾರದ ಕಡೆಯವರಾದರೆ ಮುಂಬೈವರೆಗೆ ಹೋಗುವುದೇ ಬೇಡ, ರೈಲಲ್ಲಿ ಪನ್ವೇಲ್‌ನಲ್ಲಿ ಇಳಿದು ಅಲಿಬಾಗ್ ಎಸ್‌ಟಿ ಹಿಡಿಯಿರಿ.