ಪೇಸ್ಟ್ ಬಿಸಾಡಬೇಡಿ, ಬೋರ್ ನೀರು ಪರೀಕ್ಷೆ ಮಾಡಿಸಿ

ಬಾಗೇಪಲ್ಲಿ ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇವೆ.

"ಅಮೆರಿಕದಲ್ಲಿರುವ ನಮ್ಮ ಮೈದುನ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿದ್ದಾನೆ. ಅಲ್ಲಿ ಫ್ಲೋರೈಡ್ ನಿಷೇಧ ಮಾಡಿದ್ದಾರಂತೆ, ಮಕ್ಕಳ ಮೆದುಳಿಗೆ ಅದು ವಿಷವಂತೆ. ಓದಿದ ದಿನವೇ ಮನೆಯಲ್ಲಿದ್ದ ಟೂತ್‌ಪೇಸ್ಟೆಲ್ಲ ಕಸಕ್ಕೆ ಹಾಕಿದೆ. 'ಫ್ಲೋರೈಡ್ ಇಲ್ಲ' ಅಂತ ಬರೆದಿರುವ ಗಿಡಮೂಲಿಕೆ ಪೇಸ್ಟ್ ತಂದೆ, ಅದರ ಬೆಲೆ ಎರಡು ಪಟ್ಟು. ಎಂಟು ವರ್ಷದ ಮಗಳ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆಗಳಿವೆ. ನಾಲ್ಕು ವರ್ಷದ ಮಗನ ದವಡೆ ಹಲ್ಲು ಹುಳುಕಾಗಿದೆ ಅಂತ ಡೆಂಟಿಸ್ಟ್ ಏನೋ ಹನಿ ಹಚ್ಚಿದರು, ಹಲ್ಲು ಕಪ್ಪಗಾಯಿತು. ಅದರಲ್ಲೂ ಫ್ಲೋರೈಡ್ ಇದೆಯಂತೆ! ಅತ್ತೆಗೆ ಮಂಡಿನೋವು, ಬೆನ್ನುನೋವು. ಕುಡಿಯೋಕೆ ಊರಿನ ಘಟಕದಿಂದ ಕ್ಯಾನ್ ನೀರು ತರುತ್ತೇವೆ, ಮಿಕ್ಕಿದ್ದಕ್ಕೆಲ್ಲ ಬೋರ್ ನೀರು. ನಿಮ್ಮ ಪತ್ರಿಕೆಯಲ್ಲೇ ಫ್ಲೋರೈಡ್ ಇರುವ ಪೇಸ್ಟ್ ಬಳಸಿ ಅಂತ ಬರೆದಿದ್ರಿ. ಈಗ ಏನಂತೀರಿ?"

ನಮಸ್ಕಾರ ಮೇಡಂ,

ಈಗಲೂ ಅದನ್ನೇ ಹೇಳುತ್ತೇನೆ. ಪೇಸ್ಟ್ ವಾಪಸ್ ತನ್ನಿ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಪೇಸ್ಟಿನ ಮೇಲಲ್ಲ, ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, "ಮಿಕ್ಕಿದ್ದಕ್ಕೆಲ್ಲ ಬೋರ್ ನೀರು" ಅಂತ, ಅದರ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಮೈದುನನ ಸುದ್ದಿ.

ಸುದ್ದಿ ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ ಬಂದಿದೆ. ಅಮೆರಿಕದಲ್ಲಿ ಹಲವು ಊರುಗಳ ನಲ್ಲಿ ನೀರಿಗೆ ಬೇಕಂತಲೇ ಫ್ಲೋರೈಡ್ ಬೆರೆಸುತ್ತಾರೆ. ಹಲ್ಲು ಹುಳುಕಾಗದಿರಲಿ ಅಂತ. 1945ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಇದು ಶುರುವಾಯಿತು. ಈಗ ಅಲ್ಲಿ ಬೆರೆಸಲು ಹೇಳಿರುವ ಅಳತೆ ಲೀಟರಿಗೆ 0.7 ಮಿಲಿಗ್ರಾಂ. ಹೀಗೆ ಬೆರೆಸುವುದನ್ನು ಯೂಟಾ ರಾಜ್ಯ 2025ರ ಮೇ ತಿಂಗಳಲ್ಲಿ ನಿಲ್ಲಿಸಿತು, ಅದರ ಹಿಂದೆಯೇ ಜುಲೈನಲ್ಲಿ ಫ್ಲೋರಿಡಾ. ನಿಷೇಧ ಅಂದರೆ ಇಷ್ಟೇ. ಪೇಸ್ಟನ್ನು ಯಾರೂ ನಿಷೇಧಿಸಿಲ್ಲ. ಯೂಟಾದ ಅಂಗಡಿಗಳಲ್ಲಿ ಫ್ಲೋರೈಡ್ ಪೇಸ್ಟ್ ಇವತ್ತೂ ಸಿಗುತ್ತದೆ, ನಿಮ್ಮ ಮೈದುನನ ಮನೆಯ ಬಚ್ಚಲಲ್ಲೂ ಬಹುಶಃ ಅದೇ ಇದೆ, ಬೇಕಿದ್ದರೆ ಕೇಳಿ ನೋಡಿ.

ಮೆದುಳಿನ ಮಾತು ಎಲ್ಲಿಂದ ಬಂತು ಅಂದರೆ, 2024ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ ಒಂದು ದೊಡ್ಡ ವರದಿ ಹೊರತಂದಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಅವರು ಹೇಳಿದ್ದು ಇದು: ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರು ಕುಡಿಯುವ ಕಡೆ ಮಕ್ಕಳ ಐಕ್ಯೂ (ಬುದ್ಧಿಶಕ್ತಿ ಅಳೆಯುವ ಪರೀಕ್ಷೆಯ ಅಂಕ) ಕಡಿಮೆ ಇರುವುದು ಕಂಡುಬರುತ್ತಿದೆ, ಈ ಮಾತನ್ನು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಬಹುದು. ಅಮೆರಿಕದಲ್ಲಿ ಬೆರೆಸುವ 0.7ರ ಬಗ್ಗೆ? ಅಷ್ಟರಿಂದ ಹೀಗಾಗುತ್ತದೋ ಇಲ್ಲವೋ ಅಂತ ಹೇಳಲು ಸಾಕಷ್ಟು ಮಾಹಿತಿ ಇಲ್ಲ ಅಂದರು. ಅಲ್ಲಿ ಜಗಳ ನಡೆಯುತ್ತಿರುವುದೆಲ್ಲ ಈ ಎರಡನೇ ಮಾತಿನ ಸುತ್ತ. ಮೊದಲನೇ ಮಾತು ಅಮೆರಿಕದವರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ನಮಗೆ ಅನ್ವಯಿಸುತ್ತದೆ. ಯಾಕೆಂದರೆ ಆ ಅಧ್ಯಯನಗಳು ಹೆಚ್ಚಾಗಿ ನಡೆದಿದ್ದು ಅಮೆರಿಕದ ಹೊರಗೆ, ಚೀನಾ, ಭಾರತ, ಇರಾನ್, ಮೆಕ್ಸಿಕೋ ಥರದ ದೇಶಗಳಲ್ಲಿ. ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳ ಶಾಲಾ ಮಕ್ಕಳ ಮೇಲೂ ಇಂಥ ಒಂದು ಅಧ್ಯಯನ ನಡೆದು 2015ರಲ್ಲಿ ಪ್ರಕಟವಾಗಿದೆ, ಅದರಲ್ಲೂ ಫ್ಲೋರೈಡ್ ಜಾಸ್ತಿ ಇದ್ದ ಹಳ್ಳಿಯ ಮಕ್ಕಳ ಅಂಕ ಕಡಿಮೆಯೇ ಬಂದಿತ್ತು. ಫ್ಲೋರೈಡ್ ಒಂದೇ ಕಾರಣ ಅಂತ ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ, ಬಡತನ, ಊಟ, ಶಾಲೆ ಎಲ್ಲ ಸೇರಿಕೊಂಡಿರುತ್ತವೆ. ಹಾಗಂತ ತಳ್ಳಿಹಾಕುವ ಹಾಗೂ ಇಲ್ಲ.

ನೀರಿಗೆ ಬೆರೆಸುವುದರಿಂದ ಈಗ ಎಷ್ಟು ಲಾಭ? ಮೊದಲಿನಷ್ಟಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯಿಂದ 2024ರ ಅಕ್ಟೋಬರಿನಲ್ಲಿ ಬಂದ ಪರಿಶೀಲನೆಯ ಪ್ರಕಾರ, 1975ರ ನಂತರದ ಅಧ್ಯಯನಗಳಲ್ಲಿ ಮಗುವಿಗೆ ಸರಾಸರಿ ಕಾಲು ಹಲ್ಲಿನಷ್ಟು ಹುಳುಕು ಮಾತ್ರ ಕಡಿಮೆಯಾಗಿದೆ. ಎಲ್ಲರೂ ಫ್ಲೋರೈಡ್ ಪೇಸ್ಟಿನಲ್ಲೇ ಹಲ್ಲುಜ್ಜಲು ಶುರುಮಾಡಿದ ಮೇಲೆ ನೀರಿನ ಪಾಲು ಇಳಿಯಿತು. ಅಂದಮೇಲೆ ಪೇಸ್ಟಿನ ತಾಕತ್ತು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಹಾಗಂತ ನೀರಿನದು ಏನೂ ಇಲ್ಲ ಅಂತಲೂ ಅಲ್ಲ. ಕೆನಡಾದ ಕ್ಯಾಲ್ಗರಿ ನಗರ 2011ರಲ್ಲಿ ಬೆರೆಸುವುದನ್ನು ನಿಲ್ಲಿಸಿತು, ಮಕ್ಕಳ ಹುಳುಕು ಜಾಸ್ತಿಯಾದದ್ದು ನೋಡಿ 2025ರಲ್ಲಿ ಮತ್ತೆ ಶುರುಮಾಡಿತು.

ಈಗ ನಮ್ಮ ಕಡೆಗೆ ಬನ್ನಿ. ಭಾರತದಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ಬೆರೆಸುವುದು ಕಲ್ಲು. ಬಾಗೇಪಲ್ಲಿ, ಪಾವಗಡ, ಸಿರಾ, ಆ ಕಡೆ ಮುಂಡರಗಿ, ಇಲ್ಲೆಲ್ಲ ನೆಲದ ಕೆಳಗಿರುವುದು ಗಟ್ಟಿ ಬಂಡೆ, ಅದರಲ್ಲಿ ಫ್ಲೋರೈಡ್ ಇರುವ ಖನಿಜಗಳು. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ವರ್ಷ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ಕೆರೆ ತುಂಬಿ ತೆರೆದ ಬಾವಿಯಲ್ಲೇ ನೀರು ಸಿಗುತ್ತಿದ್ದ ಕಾಲದಲ್ಲಿ ಕುಡಿಯುತ್ತಿದ್ದದ್ದು ಹೊಸ ಮಳೆಯ ನೀರು. ಈಗ ಸಾವಿರ ಅಡಿ ಕೊರೆದು ಎತ್ತುತ್ತಿರುವುದು ಬಂಡೆಯೊಳಗೆ ಎಷ್ಟೋ ಕಾಲ ಕೂತಿದ್ದ ನೀರು. ಫ್ಲೋರೈಡ್ ಮೈಗೆ ಜಾಸ್ತಿ ಸೇರಿ ಹಲ್ಲು, ಮೂಳೆ ಕೆಡುವುದಕ್ಕೆ ಫ್ಲೋರೋಸಿಸ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಬರೆದಿಟ್ಟಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಹತ್ತಿರಹತ್ತಿರ ತೊಂಬತ್ತು ವರ್ಷವಾಯಿತು. ನಮ್ಮ ವಾಟ್ಸಾಪಿಗೆ ಮಾತ್ರ ಅದು ಯೂಟಾದಿಂದಲೇ ಬರಬೇಕಾಯಿತು!

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ. ನಿಮ್ಮ ಬೋರಿನಲ್ಲಿ ಎಷ್ಟಿದೆಯೋ ನೀವು ಬರೆದಿಲ್ಲ. ಲೆಕ್ಕಕ್ಕೆ 3 ಅಂತ ಇಟ್ಟುಕೊಳ್ಳಿ. ದಿನಕ್ಕೆ ಒಂದು ಲೀಟರ್ ಒಳಗೆ ಹೋದರೂ 3 ಮಿಲಿಗ್ರಾಂ. ಪೇಸ್ಟಿನ ಲೆಕ್ಕವನ್ನೂ ನೋಡಿ. ನಮ್ಮಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ ಅಂತ ನಿಯಮವಿದೆ. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದರೆ ಕಾಲು ಗ್ರಾಂ. ಮಗು ದಿನಕ್ಕೆ ಎರಡು ಸಲ ಉಜ್ಜಿ, ಒಂದು ಹನಿಯೂ ಉಗುಳದೆ ಪೂರ್ತಿ ನುಂಗಿದರೂ ಅರ್ಧ ಮಿಲಿಗ್ರಾಂ. ಯಾವುದಕ್ಕೆ ಹೆದರಬೇಕು ಹೇಳಿ?

ಇನ್ನು ಆ "ಮಿಕ್ಕಿದ್ದು". ಕುಡಿಯೋಕೆ ಕ್ಯಾನ್ ನೀರು, ಒಳ್ಳೆಯದೇ. ಆದರೆ ಮುದ್ದೆಗೆ ಎಸರು ಇಡುವುದು ಯಾವ ನೀರಲ್ಲಿ? ಅನ್ನಕ್ಕೆ? ಸಾರಿಗೆ, ಟೀಗೆ? ಅದೆಲ್ಲ ಬೋರ್ ನೀರಾದರೆ ಫ್ಲೋರೈಡ್ ತಟ್ಟೆಗೇ ಬರುತ್ತಿದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಎಲ್ಲೂ ಹೋಗುವುದಿಲ್ಲ. ಆವಿಯಾಗುವುದು ನೀರು, ಪಾತ್ರೆಯಲ್ಲಿ ಉಳಿಯುವುದು ಅದು, ಹಾಗಾಗಿ ಕುದಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್ ಇದನ್ನು ತೆಗೆಯುವುದಿಲ್ಲ, ಯುವಿ ಫಿಲ್ಟರೂ ಅಷ್ಟೇ. ಆರ್‌ಓ ತೆಗೆಯುತ್ತದೆ. ಆಕ್ಟಿವೇಟೆಡ್ ಅಲ್ಯುಮಿನಾ ಅನ್ನುವ ಪುಡಿ ತುಂಬಿದ ಫಿಲ್ಟರ್ ತೆಗೆಯುತ್ತದೆ. ಹಾಗಾಗಿ ಕ್ಯಾನ್ ನೀರು ಅಡುಗೆಗೂ ಬರಲಿ. ಪಾತ್ರೆ ತೊಳೆಯುವುದು, ಸ್ನಾನ, ಬಟ್ಟೆ, ಇವಕ್ಕೆ ಬೋರ್ ನೀರು ಧಾರಾಳವಾಗಿ ಬಳಸಿ, ಚರ್ಮದಿಂದ ಒಳಗೆ ಹೋಗುವ ಭಯ ಇಲ್ಲ. ದಿನಕ್ಕೆ ಇನ್ನೊಂದು ಕ್ಯಾನ್ ಹೊರಬೇಕು, ಇನ್ನಷ್ಟು ಕಾಸು ಹಾಕಬೇಕು, ಗೊತ್ತು. ಹೊರುವವರು ಮನೆಯಲ್ಲಿ ಯಾರು ಅನ್ನೋದೂ ಗೊತ್ತು. ಆ ಗಿಡಮೂಲಿಕೆ ಪೇಸ್ಟಿಗೆ ಕೊಟ್ಟ ದುಡ್ಡು ಇಲ್ಲಿಗೆ ತಿರುಗಲಿ.

ಘಟಕದ ನೀರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಳಗಿನ ಮೆಂಬ್ರೇನ್ (ನೀರು ಸೋಸುವ ಪೊರೆ) ಹಳೆಯದಾದರೆ ಯಂತ್ರ ಓಡುತ್ತಿರುತ್ತದೆ, ನೀರೂ ಬರುತ್ತಿರುತ್ತದೆ, ಫ್ಲೋರೈಡ್ ಮಾತ್ರ ಸರಿಯಾಗಿ ನಿಲ್ಲುವುದಿಲ್ಲ. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರಲ್ಲ, ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣ ಎಷ್ಟು ಅಂತ ಹೇಳುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು ಅಂತಲ್ಲ. ಬೋರ್ ನೀರಿನ ಟಿಡಿಎಸ್ ಕಡಿಮೆ ತೋರಿಸಿತು ಅಂತ ಸಮಾಧಾನಪಟ್ಟುಕೊಂಡು ಫ್ಲೋರೈಡ್ ಕುಡಿಯುವವರು ಬೇಕಾದಷ್ಟು ಜನ. ಪರೀಕ್ಷೆಗೆ ಬೇರೆ ದಾರಿ ಇದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿ ಹಳ್ಳಿಗೂ ನೀರು ಪರೀಕ್ಷೆಯ ಕಿಟ್ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಪುಟ್ಟ ಶೀಶೆಗೆ ನೀರು ತುಂಬಿ ದ್ರಾವಣದ ಹನಿ ಹಾಕುತ್ತಾರೆ. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ, ಜಾಸ್ತಿಯಾದ ಹಾಗೆ ಹಳದಿಗೆ ತಿರುಗುತ್ತದೆ, ಪಕ್ಕದಲ್ಲಿ ಬಣ್ಣದ ಪಟ್ಟಿ ಹಿಡಿದು ಹೋಲಿಸುತ್ತಾರೆ. ಅದು ಅಂದಾಜು. ಸರಿಯಾದ ಅಂಕಿ ಬೇಕಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಎರಡು ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಘಟಕದ ನೀರು. ಪಂಚಾಯಿತಿಯವರನ್ನು ಕೇಳಿದರೆ ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ. ಹೇಳದಿದ್ದರೆ ಮತ್ತೆ ಕೇಳಿ.

ಮಗಳ ಹಲ್ಲಿನ ವಿಷಯ. ಗೆರೆಗಳು ಅಡ್ಡಡ್ಡ ಇದ್ದು, ಎಡಗಡೆ ಇದ್ದ ಹಾಗೇ ಬಲಗಡೆಯೂ ಇದ್ದರೆ ಫ್ಲೋರೋಸಿಸ್ ಇರಬಹುದು. ಒಂದೇ ಹಲ್ಲಿನಲ್ಲಿ, ಒಸಡಿನ ಹತ್ತಿರ ಬಿಳಿ ಮಚ್ಚೆ ಇದ್ದರೆ ಅದು ಹುಳುಕು ಶುರುವಾಗುವ ಗುರುತೂ ಆಗಿರಬಹುದು. ಡೆಂಟಿಸ್ಟ್ ನೋಡಿಯೇ ಹೇಳಬೇಕು. ಫ್ಲೋರೋಸಿಸ್ ಆದರೆ ಅದು ಈಗ ಬಂದದ್ದಲ್ಲ. ಮುಂಭಾಗದ ಶಾಶ್ವತ ಹಲ್ಲುಗಳು ದವಡೆಯೊಳಗೆ ತಯಾರಾಗುವುದು ಹುಟ್ಟಿದ ಮೊದಲ ಮೂರು ನಾಲ್ಕು ವರ್ಷದಲ್ಲಿ. ಆಗ ಕುಡಿದ ನೀರಿನ ಗುರುತು ಈಗ ಹೊರಗೆ ಕಾಣುತ್ತಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಇದ್ದಿಲು, ನಿಂಬೆಹುಳಿ ಅಂತ ತಿಕ್ಕಿಸಬೇಡಿ, ದಂತಕವಚ ಸವೆಯುತ್ತದೆ. ಮಗಳು ದೊಡ್ಡವಳಾದ ಮೇಲೆ ಬೇಕೆನಿಸಿದರೆ ಗೆರೆ ಮಸುಕು ಮಾಡುವ ಚಿಕಿತ್ಸೆಗಳಿವೆ. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಾಳಾ ಅಂತ ಒಂದು ಸಲ ಗಮನಿಸಿ, ಹಾಗಿದ್ದರೆ ಕಾಯಬೇಡಿ. ಮಗನಿಗೆ ಇನ್ನೂ ನಾಲ್ಕು ವರ್ಷ. ಅವನ ಒಳಗಿನ ಹಲ್ಲುಗಳು ಇನ್ನೂ ತಯಾರಾಗುತ್ತಿವೆ. ಅಡುಗೆ ನೀರು ಬದಲಿಸಿದರೆ ಮೊದಲ ಲಾಭ ಅವನಿಗೆ.

ಅವನಿಗೆ ಹಚ್ಚಿದ ಹನಿ ಮೋಸವಲ್ಲ. ಅದು ಸಿಲ್ವರ್ ಡೈಅಮೈನ್ ಫ್ಲೋರೈಡ್ ಇರಬೇಕು. ಒಂದು ಹನಿ ಹುಳುಕಿಗೆ ತಾಗಿಸುತ್ತಾರೆ, ಡ್ರಿಲ್ ಇಲ್ಲ, ಸೂಜಿ ಇಲ್ಲ. ಬೆಳ್ಳಿ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ, ಸಾಮಾನ್ಯವಾಗಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಕಪ್ಪಾಗುವುದು ಬೆಳ್ಳಿಯಿಂದ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ದುಬಾರಿ ಸೀಲೆಂಟ್ (ಹುಳುಕಾಗದ ಹಾಗೆ ಹಲ್ಲಿನ ಮೇಲೆ ಹಾಕುವ ತೆಳು ಲೇಪ) ಹಾಕಿಸಿದಷ್ಟೇ ಫಲ ಇದರಿಂದಲೂ ಸಿಕ್ಕಿದೆ, ನರ್ಸ್‌ಗಳು ಹಚ್ಚಿದರೂ ಫಲಿತಾಂಶ ಕೆಟ್ಟಿಲ್ಲ. ಹಳ್ಳಿಯ ಶಾಲೆಗಳಿಗೆ ಇದಕ್ಕಿಂತ ಅನುಕೂಲದ ಔಷಧಿ ನನಗಂತೂ ಕಾಣುತ್ತಿಲ್ಲ. ಕಪ್ಪು ಹಲ್ಲು ನೋಡಿ ಬೇಜಾರಾಗುವುದು ಸಹಜ, ಆದರೆ ಅದು ಹಾಲುಹಲ್ಲು, ಬಿದ್ದು ಹೋಗುತ್ತದೆ. ಹಚ್ಚುವ ಮೊದಲೇ ಕಪ್ಪಾಗುತ್ತದೆ ಅಂತ ಡೆಂಟಿಸ್ಟ್ ಹೇಳಬೇಕಿತ್ತು, ಅಲ್ವಾ? ನಿಮ್ಮ ಸಿಟ್ಟಿನ ಆ ಭಾಗ ಸರಿಯಾಗಿಯೇ ಇದೆ.

ಗಿಡಮೂಲಿಕೆ ಪೇಸ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 96 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯಲ್ಲಿ, 1000 ಪಿಪಿಎಂ ಆಸುಪಾಸಿನ ಫ್ಲೋರೈಡ್ ಇರುವ ಪೇಸ್ಟ್ ಫ್ಲೋರೈಡ್ ಇಲ್ಲದ್ದಕ್ಕಿಂತ ಹುಳುಕು ಕಡಿಮೆ ಮಾಡುತ್ತದೆ ಅಂತ ಸ್ಪಷ್ಟವಾಗಿದೆ. ಫ್ಲೋರೈಡ್ ಬದಲು ಹೈಡ್ರಾಕ್ಸಿಅಪಟೈಟ್ (ಹಲ್ಲಿನಲ್ಲೇ ಇರುವಂಥ ಖನಿಜ) ಹಾಕಿದ ಪೇಸ್ಟ್‌ಗಳು ಬಂದಿವೆ, ದೊಡ್ಡವರ ಮೇಲೆ ಒಂದೂವರೆ ವರ್ಷ ನಡೆಸಿ 2023ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಫಲಿತಾಂಶ ಚೆನ್ನಾಗಿಯೇ ಬಂದಿದೆ. ಆದರೆ ಲವಂಗ, ಬೇವು ಅಂತ ಬರೆದಿರುವ ಟ್ಯೂಬಿನಲ್ಲಿ ಅದು ಇರಲೇಬೇಕೆಂದಿಲ್ಲ, ಹಿಂದೆ ಸಣ್ಣಕ್ಷರದಲ್ಲಿ ಓದಿ ನೋಡಿ. ಮಗನಿಗೆ ಬಟಾಣಿಯಷ್ಟು ಪೇಸ್ಟ್ ನೀವೇ ಹಾಕಿಕೊಡಿ, ಮೂರು ವರ್ಷದೊಳಗಿನ ಮಗುವಾದರೆ ಅಕ್ಕಿಕಾಳಿನಷ್ಟು ಸಾಕು. ಟಿವಿಯಲ್ಲಿ ಬ್ರಷ್ ತುಂಬ ಅಲೆಅಲೆಯಾಗಿ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಉಗುಳುವುದು ಕಲಿಸಿ. ಹಣ್ಣಿನ ರುಚಿಯ ಪೇಸ್ಟ್ ಆದರೆ ಟ್ಯೂಬ್ ಮೇಲಿನ ಗೂಡಿನಲ್ಲಿರಲಿ.

ಅತ್ತೆಯವರ ನೋವನ್ನು ಇಲ್ಲಿಂದ ಕೂತು ಫ್ಲೋರೈಡ್ ಅನ್ನಲಾರೆ. ವಯಸ್ಸಿನ ಮಂಡಿನೋವೇ ಇರಬಹುದು. ಆದರೆ ಮೂರು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ ನೋಡಬಹುದು, ಫ್ಲೋರೋಸಿಸ್ ಹುಡುಕಲು ಹೋಗುವ ಸರ್ಕಾರಿ ಆರೋಗ್ಯ ಸಿಬ್ಬಂದಿಯೂ ಇವನ್ನೇ ಮಾಡಿಸುತ್ತಾರೆ. ಗದ್ದವನ್ನು ಎದೆಗೆ ತಾಗಿಸಲು ಆಗುತ್ತದಾ? ಎರಡೂ ಕೈ ತಲೆಯ ಹಿಂದಕ್ಕೆ ಹೋಗುತ್ತವಾ? ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಲು ಆಗುತ್ತದಾ? ಕತ್ತು, ಬೆನ್ನು ಬಿಗಿದುಕೊಂಡು ಇವು ಆಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಮ್ಮ ಬೋರ್ ನೀರಿನಲ್ಲಿ ಇಷ್ಟು ಫ್ಲೋರೈಡ್ ಇದೆ ಅಂತ ಡಾಕ್ಟರಿಗೆ ನೀವೇ ಹೇಳಿ. ಮೂಳೆಯಲ್ಲಿ ಕೂತ ಫ್ಲೋರೈಡನ್ನು ಕರಗಿಸುವ ಮಾತ್ರೆ ಇಲ್ಲ. ಇದೆ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ನೀರು ಬದಲಿಸುವುದು, ಹಾಲು, ರಾಗಿ, ನುಗ್ಗೆಸೊಪ್ಪು ತಿನ್ನುವುದು, ಇಷ್ಟೇ. ಇವುಗಳಲ್ಲಿರುವ ಕ್ಯಾಲ್ಸಿಯಂ, ಫ್ಲೋರೈಡನ್ನು ಮೈಗೆ ಅಷ್ಟಾಗಿ ಸೇರದ ಹಾಗೆ ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಹುಣಸೆಹಣ್ಣಿನ ಬಗ್ಗೆಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ್ದೊಂದಿದೆ. ಹುಣಸೆ ತಿಂದ ಶಾಲಾ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಗೆ ಹೋಯಿತಂತೆ. ಕೆಲವೇ ಹುಡುಗರ ಮೇಲೆ ಮಾಡಿದ್ದು, ಔಷಧಿ ಅಂತ ಹೇಳಲು ಸಾಲದು. ಸಾರಿಗೆ ಹೇಗೂ ಹುಣಸೆ ಹಾಕುತ್ತೀರಿ, ಹಾಕಿ.

ಛಾವಣಿ ಮೇಲೆ ಬೀಳುವ ಮಳೆನೀರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ತಾಲ್ಲೂಕಿನಲ್ಲಿ, ಪಾವಗಡ, ಮುಂಡರಗಿಯಲ್ಲಿ ಅದನ್ನು ನೆಲದೊಳಗಿನ ತೊಟ್ಟಿಗೆ ಇಳಿಸಿ ಕುಡಿಯಲು, ಅಡುಗೆಗೆ ಬಳಸುವ ಮನೆಗಳಿವೆ. ಹತ್ತಿರದಲ್ಲಿ ಯಾರಾದರೂ ಮಾಡಿಸಿದ್ದರೆ ಹೋಗಿ ನೋಡಿ ಬನ್ನಿ, ಖರ್ಚು, ಕಷ್ಟ ಎಲ್ಲ ಅವರೇ ಹೇಳುತ್ತಾರೆ.

ಪ್ರಯೋಗಾಲಯದ ವರದಿ ಬಂದ ಮೇಲೆ ಎರಡೂ ಬಾಟಲಿಯ ಅಂಕಿ ಬರೆದು ಕಳಿಸಿ. ಘಟಕದ ನೀರಿನದೇ 1.5 ದಾಟಿದ್ದರೆ ನಮಗೆ ಬರೆಯುವ ಮೊದಲು ವರದಿಯ ಪ್ರತಿ ಪಂಚಾಯಿತಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

— ಸಂಪಾದಕ